ಅವೇ ಅಕ್ಷರ, ಬೇರೆ ಪದ: ಇಂಗ್ಲಿಷ್ ಅನಗ್ರಾಮ್‌ಗಳನ್ನು ಹುಡುಕಿ ಅರ್ಥಸಹಿತ ಕಲಿಯುವ ಸಮಗ್ರ ಮಾರ್ಗದರ್ಶಿ

'ಮರಾ ಮರಾ' ಎಂದು ಜಪಿಸುತ್ತ ಕೂತ ಬೇಡನ ಬಾಯಲ್ಲಿ ಅದು 'ರಾಮ ರಾಮ' ಆಯಿತು ಎನ್ನುವ ವಾಲ್ಮೀಕಿಯ ಕಥೆ ಎಲ್ಲರಿಗೂ ಗೊತ್ತು. ಅಕ್ಷರ ಅವೇ ಎರಡು, ಜಾಗ ಮಾತ್ರ ಅದಲುಬದಲು. ಇಂಗ್ಲಿಷಿನಲ್ಲಿ ಇಂಥ ಪದಗಳಿಗೆ ಅನಗ್ರಾಮ್ ಎನ್ನುತ್ತಾರೆ. ಕನ್ನಡದಲ್ಲಿ ವ್ಯಂಜನಕ್ಕೆ ಸ್ವರ ಅಂಟಿಕೊಂಡೇ ಬರುವುದರಿಂದ ಇಂಥ ಜೋಡಿಗಳು ಅಪರೂಪ. ಇಂಗ್ಲಿಷಿನಲ್ಲಿ ಸ್ವರ, ವ್ಯಂಜನ ಎರಡೂ ಬಿಡಿಬಿಡಿ. ಹಾಗಾಗಿ ಒಂದೇ ಅಕ್ಷರಗುಂಪಿನಿಂದ ಐದಾರು ಪದ ಹುಟ್ಟುವುದು ಅಲ್ಲಿ ಮಾಮೂಲು.

ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ, ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಆಟ) ಆಡುವವರಿಗೆ, ಇಂಗ್ಲಿಷ್ ಪದಬಂಧ ಬಿಡಿಸುವವರಿಗೆ ಇದು ಬೇಕಾದ ವಿದ್ಯೆ. ಇವರೆಲ್ಲರಿಗಿಂತ ಹೆಚ್ಚಾಗಿ ಬೇಕಾದದ್ದು ದಿನವೂ ಇಂಗ್ಲಿಷಿನಲ್ಲಿ ಇಮೇಲ್, ಅರ್ಜಿ ಬರೆಯುವವರಿಗೆ. ಯಾಕೆ ಅನ್ನುವುದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಓದುವ ಮುನ್ನ ಒಂದು ಹಾಳೆ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಇಲ್ಲಿ ಇಂಗ್ಲಿಷ್ ಪದಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಅಕ್ಷರಗಳನ್ನು ಹೆಸರು ಹಿಡಿದು ಕರೆದಿದ್ದೇನೆ: 'ಎ' ಎಂದರೆ ಮೊದಲ ಅಕ್ಷರ, 'ಇ' ಎಂದರೆ ಐದನೆಯದು, 'ಐ' ಎಂದರೆ ಒಂಬತ್ತನೆಯದು. ಎದುರಾದ ಪದವನ್ನೆಲ್ಲ ನೀವೇ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಳ್ಳುತ್ತ ಹೋಗಿ. ಕಣ್ಣಲ್ಲೇ ಓದಿ ಮುಗಿಸಿದರೆ ಅರ್ಧ ಪ್ರಯೋಜನವೂ ಇಲ್ಲ.

ಹಂತ 1: ಅಕ್ಷರಗಳನ್ನು ಅಕಾರಾದಿಯಲ್ಲಿ ಜೋಡಿಸಿ ಕೀಲಿ ಮಾಡಿಕೊಳ್ಳಿ

'ಲಿಸನ್' ಪದ ತೆಗೆದುಕೊಳ್ಳಿ. ಅದರ ಆರು ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆಯಿರಿ: ಇ, ಐ, ಎಲ್, ಎನ್, ಎಸ್, ಟಿ. ಈಗ 'ಸೈಲೆಂಟ್' ಪದಕ್ಕೂ ಹಾಗೇ ಮಾಡಿ. ಬಂದದ್ದು ಅದೇ ಸಾಲು. ಈ ಸಾಲನ್ನು ನಾನು ಕೀಲಿ ಎಂದು ಕರೆಯುತ್ತೇನೆ. ಎರಡು ಪದಗಳ ಕೀಲಿ ಒಂದೇ ಆದರೆ ಅವು ಅನಗ್ರಾಮ್, ಒಂದಕ್ಷರ ಹೆಚ್ಚುಕಮ್ಮಿಯಾದರೂ ಅಲ್ಲ. ಬೇರೆ ಪರೀಕ್ಷೆ ಬೇಕಿಲ್ಲ.

ಇದೇ ಕೀಲಿಗೆ ಇನ್ನೂ ಮೂರು ಪದಗಳಿವೆ. 'ಎನ್‌ಲಿಸ್ಟ್' ಎಂದರೆ ಸೈನ್ಯಕ್ಕೆ ಸೇರುವುದು, ಯಾರದೋ ನೆರವು ಪಡೆಯುವುದು. 'ಟಿನ್ಸೆಲ್' ಎಂದರೆ ಅಲಂಕಾರಕ್ಕೆ ತೂಗುಹಾಕುವ ಮಿರಮಿರ ಮಿನುಗುವ ಎಳೆ. 'ಇನ್‌ಲೆಟ್ಸ್' ಎಂದರೆ ಸಮುದ್ರ ನೆಲದೊಳಕ್ಕೆ ಚಾಚಿಕೊಂಡ ಕಿರುಕೊಲ್ಲಿಗಳು. ವಾಷಿಂಗ್ ಮೆಷಿನ್ನಿಗೆ ನೀರು ಬಿಡುವ ಇನ್‌ಲೆಟ್ ಪೈಪಿನಲ್ಲಿರುವುದೂ ಅದೇ ಪದ.

ಈ ಕೀಲಿ ಹೊಸದೇನಲ್ಲ. ಪಿಯುಸಿ ಭೌತಶಾಸ್ತ್ರದಲ್ಲಿ ಸ್ಪ್ರಿಂಗಿನ ನಿಯಮ ಓದಿದವರಿಗೆ ರಾಬರ್ಟ್ ಹುಕ್ ನೆನಪಿರಬೇಕು. ತಾನು ಕಂಡುಕೊಂಡ ನಿಯಮ ಬೇರೆಯವರ ಪಾಲಾಗಬಾರದು, ಆದರೆ ಅದನ್ನು ಬಿಚ್ಚಿ ಹೇಳಲೂ ಇನ್ನೂ ಹೊತ್ತು ಬಂದಿಲ್ಲ ಎಂದು ಆತ 1676ರಲ್ಲಿ ಬರೀ ಅಕ್ಷರಗಳನ್ನು ಅಚ್ಚು ಹಾಕಿಸಿದ: ಸಿ, ಇ, ಮೂರು ಐ, ಎನ್, ಓ, ಮೂರು ಎಸ್, ಎರಡು ಟಿ, ಯು, ವಿ. ನೋಡಿ, ಅಕಾರಾದಿ ಕ್ರಮ. 1678ರಲ್ಲಿ ಒಗಟು ಒಡೆದ: ಲ್ಯಾಟಿನ್ನಿನಲ್ಲಿ 'ಉಟ್ ಟೆನ್ಸಿಯೊ, ಸಿಕ್ ವಿಸ್', ಅಂದರೆ ಹಿಗ್ಗಿದಷ್ಟು ಬಲ. ಹದಿನಾಲ್ಕು ಅಕ್ಷರಗಳನ್ನು ಎಣಿಸಿ ನೋಡಿ, ಸರಿಹೊಂದುತ್ತವೆ.

ಹಂತ 2: ಎಲ್ಲ ಜೋಡಣೆಗಳನ್ನೂ ಬರೆಯಲು ಹೋಗಬೇಡಿ

ಹೊಸಬರು ಮೊದಲು ಮಾಡುವುದು ಇದನ್ನೇ. ನಾಲ್ಕು ಬೇರೆಬೇರೆ ಅಕ್ಷರಗಳನ್ನು 24 ರೀತಿಯಲ್ಲಿ ಜೋಡಿಸಬಹುದು, ಅಷ್ಟಾದರೆ ಪರವಾಗಿಲ್ಲ. ಆರಕ್ಷರಕ್ಕೆ ಅದು 720, ಏಳಕ್ಕೆ 5,040, ಎಂಟಕ್ಕೆ 40,320. ಪರೀಕ್ಷೆಯ ಹಾಲ್‌ನಲ್ಲಿ ಯಾರಿಗೆ ಪುರುಸೊತ್ತಿದೆ? ಇವುಗಳಲ್ಲಿ ತೊಂಬತ್ತೊಂಬತ್ತು ಪಾಲು ನಾಲಿಗೆಗೇ ಹೊರಳದ ಜೋಡಣೆಗಳು. ಅವನ್ನು ಬರೆಯುವ ಮೊದಲೇ ತಳ್ಳಿಹಾಕುವುದೇ ಈ ಆಟದ ಗುಟ್ಟು.

ಹಂತ 3: ಬಾಲ ಕತ್ತರಿಸಿ, ಉಳಿದದ್ದನ್ನು ಬಿಡಿಸಿ

ಇಂಗ್ಲಿಷ್ ಪದಗಳ ಕೊನೆಗೆ ಬರುವ ತುಂಡುಗಳು ಎಣಿಸಿದಷ್ಟೇ: ಐ-ಎನ್-ಜಿ, ಇ-ಡಿ, ಇ-ಆರ್, ಇ-ಎಸ್-ಟಿ, ಎಲ್-ವೈ, ಟಿ-ಐ-ಓ-ಎನ್, ಇಲ್ಲವೇ ಬರೀ ಎಸ್. ಕೊಟ್ಟ ಅಕ್ಷರಗಳಲ್ಲಿ ಇವುಗಳಲ್ಲಿ ಯಾವುದಾದರೂ ಇದೆಯೇ ನೋಡಿ, ಇದ್ದರೆ ಅದನ್ನು ಬದಿಗಿಡಿ.

ಒಂದು ಗುಂಪನ್ನು ಪೂರ್ತಿ ಬಿಡಿಸೋಣ. ಕೀಲಿ: ಎ, ಇ, ಜಿ, ಐ, ಎಲ್, ಎನ್, ಆರ್, ಟಿ. ಎಂಟಕ್ಷರ, ಕಂಡೊಡನೆ ಗಾಬರಿಯಾಗುತ್ತದೆ. ಆದರೆ ಐ, ಎನ್, ಜಿ ಮೂರೂ ಇವೆ. ಬದಿಗಿಟ್ಟರೆ ಉಳಿಯುವುದು ಎ, ಇ, ಎಲ್, ಆರ್, ಟಿ. ಈಗ ಐದಕ್ಷರದ ಲೆಕ್ಕ ಮಾತ್ರ.

ಈ ಐದರಿಂದ 'ಆಲ್ಟರ್' ಆಗುತ್ತದೆ, ಎಂದರೆ ಮಾರ್ಪಡಿಸು. ಟೈಲರ್ ಅಂಗಡಿಯ ಆಲ್ಟರೇಷನ್ ಇಲ್ಲಿಂದಲೇ. 'ಅಲರ್ಟ್' ಆಗುತ್ತದೆ, ಎಚ್ಚರವಾಗಿರುವ, ಎಚ್ಚರಿಸು. 'ಲೇಟರ್' ಕೂಡ ಇದೆ, ಆಮೇಲೆ. 'ರೇಟಲ್' ಎಂಬ ಪ್ರಾಣಿಯ ಹೆಸರೂ ಇದೆ, ಕನ್ನಡದಲ್ಲಿ ತರಕರಡಿ. ಕಾವೇರಿ ವನ್ಯಧಾಮದಲ್ಲಿ ಕ್ಯಾಮೆರಾ ಬಲೆಗೆ ಸಿಕ್ಕಿ ಸುದ್ದಿಯಾದ ಪ್ರಾಣಿ ಅದು.

ಬಾಲವನ್ನು ಮತ್ತೆ ಅಂಟಿಸಿ. ಆಲ್ಟರ್‌ಗೆ ಅಂಟಿಸಿದರೆ 'ಆಲ್ಟರಿಂಗ್', ಅಲರ್ಟ್‌ಗೆ ಅಂಟಿಸಿದರೆ 'ಅಲರ್ಟಿಂಗ್'. ಲೇಟರ್ ಕ್ರಿಯಾಪದವಲ್ಲ, ಅದಕ್ಕೆ ಬಾಲ ಹತ್ತುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ: ಇ ಇಂದ ಮುಗಿಯುವ ಕ್ರಿಯಾಪದ ಬಾಲ ಅಂಟುವಾಗ ಸಾಮಾನ್ಯವಾಗಿ ಆ ಕೊನೆಯ ಇ ಕಳೆದುಕೊಳ್ಳುತ್ತದೆ. 'ರಿಲೇಟ್' ಆರಕ್ಷರದ ಪದ, ಎರಡು ಇ ಇವೆ. ಕೊನೆಯ ಇ ಬಿದ್ದು 'ರಿಲೇಟಿಂಗ್' ಆದಾಗ ನಮ್ಮ ಕೀಲಿಗೇ ಬಂದು ಕೂರುತ್ತದೆ. ಹಾಗಾಗಿ ಬಾಲ ಕತ್ತರಿಸಿದ ಮೇಲೆ ಉಳಿದದ್ದು ಪೂರ್ತಿ ಪದದಂತೆ ಕಾಣದಿದ್ದರೆ, ಮನಸ್ಸಿನಲ್ಲೇ ಒಂದು ಇ ಸೇರಿಸಿ ನೋಡಿ.

ಮೂರು ಪದ ಸಿಕ್ಕವು. ಬಾಲವಿಲ್ಲದ ಪದಗಳೂ ಇರಬಹುದಲ್ಲ? ಅದಕ್ಕೆ ಪದದ ತಲೆ ಹುಡುಕಬೇಕು. ಟಿ-ಆರ್, ಎಸ್-ಟಿ, ಪಿ-ಎಲ್, ಸಿ-ಎಚ್ ಮೊದಲಾದ ಜೋಡಿಗಳು ಪದದ ಆರಂಭದಲ್ಲಿ ಧಾರಾಳವಾಗಿ ಬರುತ್ತವೆ. ಎನ್-ಜಿ, ಆರ್-ಟಿ, ಎಲ್-ಟಿ ಜೋಡಿಗಳು ಆರಂಭದಲ್ಲಿ ಬರುವುದಿಲ್ಲ. ಕ್ಯೂ ಇದ್ದರೆ ಅದರ ಬೆನ್ನಿಗೇ ಯು ಇಡಿ, ತಪ್ಪುವುದು ತೀರಾ ಅಪರೂಪ. ನಮ್ಮ ಗುಂಪಿನಲ್ಲಿ ಟಿ-ಆರ್ ತಲೆಗಿಟ್ಟು ಪ್ರಯತ್ನಿಸಿದರೆ 'ಟ್ರಯಾಂಗಲ್', ತ್ರಿಕೋನ. ಐ-ಎನ್ ತಲೆಗಿಟ್ಟರೆ 'ಇಂಟೆಗ್ರಲ್', ಅವಿಭಾಜ್ಯ ಎಂಬ ಅರ್ಥ, ಗಣಿತದಲ್ಲಿ ಅನುಕಲ. ತ್ರಿಕೋನ, ಅನುಕಲ ಎರಡೂ ಒಂದೇ ಅಕ್ಷರಗಳಿಂದ ಬಂದಿವೆ ಎಂದರೆ ಗಣಿತದ ಮೇಷ್ಟ್ರುಗಳೂ ಹುಬ್ಬೇರಿಸುತ್ತಾರೆ.

ಇಷ್ಟಾದರೂ ಹೊಳೆಯದಿದ್ದರೆ ಅಕ್ಷರಗಳನ್ನು ಸಾಲಾಗಿ ಬರೆಯುವುದನ್ನು ಬಿಟ್ಟು ವೃತ್ತಾಕಾರವಾಗಿ ಬರೆಯಿರಿ. ಸಾಲಿನಲ್ಲಿದ್ದಾಗ ಕಣ್ಣು ಎಡದಿಂದ ಬಲಕ್ಕೇ ಓಡುತ್ತದೆ, ವೃತ್ತದಲ್ಲಿ ಅದಕ್ಕೆ ಮೊದಲು ಕೊನೆ ಇರುವುದಿಲ್ಲ. ಸ್ವರಗಳನ್ನು ನಡುವೆ, ವ್ಯಂಜನಗಳನ್ನು ಸುತ್ತ ಬರೆದರೆ ಇನ್ನೂ ಒಳ್ಳೆಯದು.

ಹಂತ 4: ಮೊದಲು ಕಲಿಯಬೇಕಾದದ್ದು ಅಪಾಯಕಾರಿ ಜೋಡಿಗಳನ್ನು

ನನ್ನ ಅಭಿಪ್ರಾಯ ಕೇಳಿದರೆ ಅನಗ್ರಾಮ್ ಕಲಿಯಲು ಇದೊಂದೇ ಕಾರಣ ಸಾಕು. ಎರಡು ಅಕ್ಷರ ಹಿಂದುಮುಂದಾದರೆ ಬೇರೆ ಪದವೇ ಆಗಿಬಿಡುವ ಜೋಡಿಗಳು ಇಂಗ್ಲಿಷಿನಲ್ಲಿ ಸಾಕಷ್ಟಿವೆ. ಕಂಪ್ಯೂಟರಿನ ಸ್ಪೆಲ್‌ಚೆಕ್ ಅನೇಕ ಸಲ ಇವನ್ನು ಹಿಡಿಯುವುದಿಲ್ಲ, ಯಾಕೆಂದರೆ ತಪ್ಪಾಗಿ ಬರೆದದ್ದೂ ನಿಘಂಟಿನಲ್ಲಿರುವ ಪದವೇ.

ಅರ್ಜಿ ನಮೂನೆಯ 'ಮ್ಯಾರಿಟಲ್ ಸ್ಟೇಟಸ್' ಎಂಬಲ್ಲಿ ಐ ಮತ್ತು ಟಿ ಅದಲುಬದಲಾದರೆ 'ಮಾರ್ಷಲ್', ಅಂದರೆ ಯುದ್ಧಕ್ಕೆ ಸಂಬಂಧಿಸಿದ್ದು. ಮದುವೆಗೂ ಯುದ್ಧಕ್ಕೂ ಅಷ್ಟೇ ಅಂತರವೆಂದು ತಮಾಷೆ ಮಾಡುವವರು ಮಾಡಲಿ, ಅರ್ಜಿಯಲ್ಲಿ ಅದು ತಪ್ಪು. ರಜೆ ಚೀಟಿಯಲ್ಲಿ 'ಕ್ಯಾಶುಯಲ್ ಲೀವ್' ಬರೆಯುವಾಗ ಎಸ್, ಯು ಸ್ಥಾನ ಬದಲಾದರೆ 'ಕಾಸಲ್', ಕಾರಣಕ್ಕೆ ಸಂಬಂಧಿಸಿದ್ದು. ಪತ್ರದ ಕೊನೆಗೆ 'ಸೈನ್ಡ್' ಎಂದು ಬರೆಯಲು ಹೋಗಿ ಜಿ, ಎನ್ ತಿರುವುಮುರುವಾದರೆ 'ಸಿಂಜ್ಡ್', ಸಹಿ ಹಾಕಿದ ಕಾಗದ ಅಂಚು ಸುಟ್ಟ ಕಾಗದವಾಗುತ್ತದೆ. 'ಯುನೈಟೆಡ್' ಒಗ್ಗೂಡಿದ್ದು, ಅದರ ಐ ಮತ್ತು ಟಿ ತಿರುಗಿದರೆ 'ಅನ್‌ಟೈಡ್', ಗಂಟು ಬಿಚ್ಚಿದ್ದು. 'ಸೇಕ್ರೆಡ್' ಪವಿತ್ರ, 'ಸ್ಕೇರ್ಡ್' ಹೆದರಿದ. 'ಕಾನ್ವರ್ಸೇಷನ್' ಮಾತುಕತೆ, 'ಕನ್ಸರ್ವೇಷನ್' ಸಂರಕ್ಷಣೆ: ಹನ್ನೆರಡು ಅಕ್ಷರದ ಈ ಜೋಡಿಯಲ್ಲಿ ವಿ ಮತ್ತು ಎಸ್ ಮಾತ್ರ ಜಾಗ ಬದಲಿಸಿಕೊಂಡಿವೆ.

ಇವನ್ನು ಬಾಯಿಪಾಠ ಮಾಡಿ ಫಲವಿಲ್ಲ. ಎರಡನ್ನೂ ಒಟ್ಟಿಗೆ ಉರುಹೊಡೆದರೆ ಗೊಂದಲ ಇನ್ನೂ ಗಟ್ಟಿಯಾಗುತ್ತದೆ. ಜೋಡಿಯಲ್ಲಿ ಒಂದನ್ನು, ನಿಮಗೆ ಈಗಾಗಲೇ ಚೆನ್ನಾಗಿ ಗೊತ್ತಿರುವ, ಅದೇ ಪ್ರಾಸದ ಮೂರನೇ ಪದಕ್ಕೆ ಕಟ್ಟಿ. ಹೀಗೆ:

'ಆ್ಯಂಗಲ್' ಕೋನ. ಅದರ ಕೊನೆ ಜಿ-ಎಲ್-ಇ, ಟ್ರಯಾಂಗಲ್, ರೆಕ್ಟ್ಯಾಂಗಲ್ ಇದ್ದಂತೆ. 'ಏಂಜಲ್' ದೇವದೂತ. ಅದರ ಕೊನೆ ಇ-ಎಲ್, ಗೇಬ್ರಿಯಲ್, ಮೈಕೆಲ್ ಎಂಬ ದೇವದೂತರ ಹೆಸರುಗಳಂತೆ.

'ಕ್ವೈಟ್' ಎಂದರೆ ಸಾಕಷ್ಟು. ವೈಟ್, ಸೈಟ್ ಪದಗಳಂತೆ ಐ-ಟಿ-ಇ ಇಂದ ಮುಗಿಯುತ್ತದೆ, ಒಂದೇ ಉಸಿರಿನ ಪದ. 'ಕ್ವಾಯೆಟ್' ಎಂದರೆ ಸದ್ದಿಲ್ಲದ. ಡಯೆಟ್ ಪದದಂತೆ ಐ-ಇ-ಟಿ.

'ಟ್ರೇಲ್' ಕಾಡಿನ ಜಾಡು. ರೈಲು ಹಳಿಯ 'ರೇಲ್' ಅದರೊಳಗೇ ಇದೆ. 'ಟ್ರಯಲ್' ಪರೀಕ್ಷೆ, ನ್ಯಾಯಾಲಯದ ವಿಚಾರಣೆ. ಹಳೆಯ ಫೋನಿನ ಡಯಲ್‌ನಂತೆ ಐ-ಎ-ಎಲ್.

ನಮ್ಮವರಿಗೆ ವಿಶೇಷವಾಗಿ ಕಾಡುವ ಜೋಡಿ ಇನ್ನೊಂದಿದೆ. ಕನ್ನಡದಲ್ಲಿ ದಿನಚರಿ ಬರೆಯುವ ಪುಸ್ತಕಕ್ಕೂ 'ಡೈರಿ' ಎನ್ನುತ್ತೇವೆ, ಬೆಳಿಗ್ಗೆ ಕ್ಯಾನ್ ಹಿಡಿದು ಹಾಲು ಹಾಕಿಬರುವ ಊರಿನ ಸೊಸೈಟಿಗೂ 'ಡೈರಿ' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇವು ಎರಡು ಪದ, ಅಕ್ಷರ ಅವೇ ಐದು. ಹಾಲಿನದು 'ಡೇರಿ'. ಫೇರ್, ಹೇರ್ ಪದಗಳಲ್ಲಿರುವ ಎ-ಐ-ಆರ್ ಅದರ ನಡುವಿದೆ. ಪುಸ್ತಕದ್ದು 'ಡಯರಿ'. ಡಯಲ್ ಪದದಂತೆ ಡಿ-ಐ-ಎ ಇಂದ ಶುರು. ಉಚ್ಚಾರವನ್ನು ಒಮ್ಮೆ ಬಿಡಿಸಿಕೊಂಡರೆ ಸ್ಪೆಲಿಂಗ್ ತಾನಾಗಿ ಸರಿಯಾಗುತ್ತದೆ.

'ಫಾರ್ಮ್' ಮತ್ತು 'ಫ್ರಮ್' ಜೋಡಿಗೆ ಮಾತ್ರ ಯಾವ ಪ್ರಾಸವೂ ಬೇಡ. ಅದು ತಿಳಿಯದೆ ಆಗುವ ತಪ್ಪಲ್ಲ, ಬೆರಳು ಓಡುವ ವೇಗಕ್ಕೆ ಆಗುವಂಥದ್ದು. ಕಳಿಸುವ ಮುನ್ನ ಒಮ್ಮೆ ಜೋರಾಗಿ ಓದಿಕೊಳ್ಳುವುದೇ ಮದ್ದು.

ಹಂತ 5: ಕುಟುಂಬವನ್ನು ಒಂದೇ ಚಿತ್ರಕ್ಕೆ ಕಟ್ಟಿ

ಅರ್ಥ ನೆನಪಿಡುವ ಹಂತ ಇದು. ಒಂದು ಕೀಲಿಯ ಪದಗಳಿಗೆ ಪರಸ್ಪರ ಯಾವ ಸಂಬಂಧವೂ ಇರುವುದಿಲ್ಲ, ಸಂಬಂಧ ನೀವೇ ಕಟ್ಟಬೇಕು. ಎ, ಇ, ಎಲ್, ಪಿ, ಎಸ್, ಟಿ ಕೀಲಿಯನ್ನು ನೋಡಿ. 'ಪ್ಲೀಟ್ಸ್' ಸೀರೆಯ ನೆರಿಗೆಗಳು. 'ಪೆಟಲ್ಸ್' ಹೂವಿನ ಎಸಳುಗಳು. 'ಪ್ಯಾಸ್ಟೆಲ್' ತಿಳಿಬಣ್ಣ. 'ಪೇಲೆಸ್ಟ್' ಅತ್ಯಂತ ಮಾಸಲು. 'ಪ್ಲೇಟ್ಸ್' ತಟ್ಟೆಗಳು. 'ಸ್ಟೇಪಲ್' ಎಂದರೆ ಕಾಗದಕ್ಕೆ ಹೊಡೆಯುವ ಪಿನ್ನು, ಜೊತೆಗೆ ಒಂದು ಸೀಮೆಯ ಮುಖ್ಯ ಆಹಾರ. ಮಂಡ್ಯ, ಹಾಸನದ ಕಡೆ ರಾಗಿ ಇದ್ದಂತೆ, ವಿಜಯಪುರದ ಕಡೆ ಜೋಳ ಇದ್ದಂತೆ.

ಈಗ ಒಂದು ಮದುವೆ ಮನೆ ಕಣ್ಣಮುಂದೆ ತಂದುಕೊಳ್ಳಿ. ಪ್ಯಾಸ್ಟೆಲ್ ಬಣ್ಣಗಳಲ್ಲೇ ಪೇಲೆಸ್ಟ್ ಆದದ್ದನ್ನು ಆರಿಸಿ ಸೀರೆ ಉಟ್ಟ ಹೆಂಗಸು, ಎಸಳು ಜೋಡಿಸಿದ ಹಾಗೆ ನೆರಿಗೆ. ಅವರ ಮುಂದೆ ತಟ್ಟೆಗಳು, ತಟ್ಟೆಯಲ್ಲಿ ಮುದ್ದೆ. ಆರೂ ಪದ ಒಂದೇ ನೋಟದಲ್ಲಿ ಬಂದವು. ಚಿತ್ರ ಎಷ್ಟು ನಿಮ್ಮದೇ ಆಗಿರುತ್ತದೋ ಅಷ್ಟು ದಿನ ಉಳಿಯುತ್ತದೆ. ನನ್ನ ಚಿತ್ರ ನಿಮಗೆ ಹಿಡಿಸದಿದ್ದರೆ ಬಿಟ್ಟುಬಿಡಿ, ಬೇರೆ ಕಟ್ಟಿಕೊಳ್ಳಿ.

ಎ, ಇ, ಜಿ, ಎರಡು ಎಲ್, ಆರ್, ವೈ ಕೀಲಿಯೂ ಸೊಗಸಾಗಿದೆ: 'ಅಲರ್ಜಿ' (ವಿವರಣೆ ಬೇಡ), 'ಗ್ಯಾಲರಿ', 'ಲಾರ್ಜ್‌ಲಿ' ಎಂದರೆ ಬಹುಮಟ್ಟಿಗೆ, 'ರೀಗಲಿ' ಎಂದರೆ ರಾಜಗಾಂಭೀರ್ಯದಿಂದ. 'ಎಜುಕೇಷನ್' ಪದದ ಒಂಬತ್ತು ಅಕ್ಷರಗಳಿಂದ 'ಕಾಷನ್ಡ್', ಎಚ್ಚರಿಕೆ ಕೊಟ್ಟ, ಮತ್ತು 'ಆಕ್ಷನ್ಡ್', ಹರಾಜು ಹಾಕಿದ, ಎರಡೂ ಆಗುತ್ತವೆ. ಖಾಸಗಿ ಕಾಲೇಜಿನ ಫೀಸು ಕಟ್ಟಿದವರಿಗೆ ಇದಕ್ಕೆ ಚಿತ್ರ ಕಟ್ಟಲು ಕಷ್ಟವಾಗದು.

ಒಂದು ಎಚ್ಚರಿಕೆ. 'ಸಿನೆಮಾ' ಪದದ ಅಕ್ಷರಗಳಿಂದ 'ಅನೀಮಿಕ್', ರಕ್ತಹೀನತೆಯ, ಆಗುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಅಮೆರಿಕನ್ ಸ್ಪೆಲಿಂಗಿನಲ್ಲಿ ಮಾತ್ರ ಸರಿ. ನಮ್ಮ ಶಾಲೆಗಳಲ್ಲಿ ಕಲಿಸುವ ಬ್ರಿಟಿಷ್ ಸ್ಪೆಲಿಂಗಿನಲ್ಲಿ ಅದಕ್ಕೆ ಇನ್ನೊಂದು ಎ ಇದೆ.

ಅರ್ಥ ನೋಡಲು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಸಾಕು. ಮೊದಲ ಅರ್ಥಕ್ಕೇ ನಿಲ್ಲಬೇಡಿ, ನಾಮಪದವೋ ಕ್ರಿಯಾಪದವೋ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಮೂರನೇ ಹಂತದ ಬಾಲದ ಉಪಾಯ ಕೆಲಸ ಮಾಡುವುದು ಅದು ಗೊತ್ತಿದ್ದಾಗ ಮಾತ್ರ.

ಹಂತ 6: ಸ್ಕ್ರ್ಯಾಬಲ್ ಆಡುವವರಿಗೆ, ಆರಕ್ಕೆ ಒಂದು ಸೇರಿಸುವ ವಿದ್ಯೆ

ಸ್ಕ್ರ್ಯಾಬಲ್ ಕಟ್ಟಿದವರು ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದೆ ಕೂತಾಗ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಬಿಲ್ಲೆಗಳ ಸಂಖ್ಯೆ ನಿಗದಿ ಮಾಡಿದರು. ಸ್ಕ್ರ್ಯಾಬಲ್ ಎಂಬ ಹೆಸರು ಬಂದದ್ದು 1948ರಲ್ಲಿ, ಜೇಮ್ಸ್ ಬ್ರೂನೊ ಅದನ್ನು ಮಾರುಕಟ್ಟೆಗೆ ತಂದಾಗ. ಒಟ್ಟು 100 ಬಿಲ್ಲೆ, ಅವುಗಳಲ್ಲಿ ಎರಡು ಖಾಲಿ. ಇ ಮಾತ್ರ 12, ಎಸ್ ಬರೀ ನಾಲ್ಕು.

ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಂದೇ ಸಲ ಇಳಿಸಿದರೆ 50 ಅಂಕ ಹೆಚ್ಚುವರಿ. ಪಳಗಿದ ಆಟಗಾರರು ಇದಕ್ಕೆಂದೇ ಒಂದು ಆರಕ್ಷರದ ಬುಡ ಇಟ್ಟುಕೊಂಡು ಏಳನೆಯದಕ್ಕೆ ಕಾಯುತ್ತಾರೆ. ಅಂಥ ಬುಡಗಳಲ್ಲಿ ಹೆಸರಾದದ್ದು 'ರೆಟಿನಾ', ಕಣ್ಣಿನ ಅಕ್ಷಿಪಟಲ. ಅದರ ಆರೂ ಅಕ್ಷರಗಳು ಪೆಟ್ಟಿಗೆಯಲ್ಲಿ ಹೇರಳವಾಗಿವೆ.

ಜಿ ಸೇರಿದರೆ 'ಗ್ರಾನೈಟ್', 'ಟೇರಿಂಗ್' ಎಂದರೆ ಹರಿದುಹಾಕುವುದು, 'ಇನ್‌ಗ್ರೇಟ್' ಎಂದರೆ ಉಪಕಾರ ಮರೆತವ. ಪಿ ಸೇರಿದರೆ 'ಪೇಂಟರ್', 'ರಿಪೇಂಟ್', 'ಪರ್ಟೇನ್' ಎಂದರೆ ಸಂಬಂಧಿಸಿರು. ಎಂ ಸೇರಿದರೆ 'ಮಿನರೆಟ್', ಶ್ರೀರಂಗಪಟ್ಟಣದ ಮಸೀದಿಯಲ್ಲಿ ಎರಡಿವೆಯಲ್ಲ, ಆ ಮಿನಾರು. ಸಿ ಸೇರಿದರೆ 'ಸರ್ಟನ್', ಖಚಿತ. ಡಿ ಸೇರಿದರೆ 'ಟ್ರೇನ್ಡ್'. ಎಲ್ ಸೇರಿದರೆ 'ರಿಲಯಂಟ್', ಅವಲಂಬಿತ, 'ಲ್ಯಾಟ್ರೀನ್' ಕೂಡ. ಕೆ ಸೇರಿದರೆ 'ಕೆರಟಿನ್', ಉಗುರು ಕೂದಲಿನ ಪ್ರೋಟೀನ್. ಟಿ ಸೇರಿದರೆ 'ನೈಟ್ರೇಟ್'. ಐ ಸೇರಿದರೆ 'ಇನರ್ಷಿಯ', ಜಡತ್ವ. ಇ ಸೇರಿದರೆ 'ಟ್ರೇನೀ'. ಎಸ್ ಸೇರಿದರೆ ಹಬ್ಬ: 'ನ್ಯಾಸ್ಟಿಯರ್', 'ರಿಟೇನ್ಸ್', 'ಸ್ಟೇನರ್', 'ರೆಟಿನಾಸ್', ಗ್ರೀಸಿನ ವೈನ್ 'ರೆಟ್ಸಿನಾ'. ಅದಕ್ಕೇ ಎಸ್ ಬಿಲ್ಲೆಯನ್ನು ಸಣ್ಣಪುಟ್ಟ ಪದಗಳಿಗೆ ಖರ್ಚು ಮಾಡಬೇಡಿ ಎನ್ನುವುದು.

ಹಂತ 7: ಪರೀಕ್ಷೆ, ಪದಬಂಧ

ಬ್ಯಾಂಕ್ ಪರೀಕ್ಷೆಯ ರೀಸನಿಂಗ್ ಭಾಗದಲ್ಲಿ 'ಈ ಅಕ್ಷರಗಳನ್ನು ಒಂದೊಂದೇ ಸಲ ಬಳಸಿ ಎಷ್ಟು ಅರ್ಥಪೂರ್ಣ ಇಂಗ್ಲಿಷ್ ಪದ ಮಾಡಬಹುದು' ಎಂಬ ಪ್ರಶ್ನೆ ಬರುತ್ತದೆ. ಆಯ್ಕೆಗಳು ಒಂದು, ಎರಡು, ಮೂರು, ಮೂರಕ್ಕಿಂತ ಹೆಚ್ಚು. ಎ, ಇ, ಎಲ್, ಟಿ ಕೊಟ್ಟರೆ 'ಲೇಟ್', 'ಟೇಲ್' ತಕ್ಷಣ ಹೊಳೆಯುತ್ತವೆ. 'ಟೀಲ್', ಒಂದು ಬಗೆಯ ಕಿರುಬಾತು, ಅದೇ ಹೆಸರಿನ ನೀಲಿಹಸಿರು ಬಣ್ಣ, ಅನೇಕರಿಗೆ ತಪ್ಪಿಹೋಗುತ್ತದೆ. ಇಂಥ ಪ್ರಶ್ನೆಯಲ್ಲಿ ಸ್ವರವನ್ನು ಎರಡನೇ ಜಾಗದಲ್ಲಿಟ್ಟು ಶುರುಮಾಡಿ, ಆಮೇಲೆ ಎರಡು ಸ್ವರಗಳನ್ನು ಜೋಡಿಯಾಗಿ ನಡುವಿಟ್ಟು ನೋಡಿ. ಟೀಲ್ ಸಿಗುವುದು ಎರಡನೇ ಸುತ್ತಿನಲ್ಲಿ.

ಇಂಗ್ಲಿಷ್ ಪತ್ರಿಕೆಗಳ ಕ್ರಿಪ್ಟಿಕ್, ಅಂದರೆ ಒಗಟಿನ ಧಾಟಿಯ, ಪದಬಂಧದಲ್ಲಿ ಅನಗ್ರಾಮ್ ಇದೆ ಎಂದು ನೇರವಾಗಿ ಹೇಳುವುದಿಲ್ಲ, ಸುಳಿವಿನ ಪದವೊಂದನ್ನು ಬಿಟ್ಟಿರುತ್ತಾರೆ: ಮುರಿದ, ಕಲಸಿದ, ಕುಡಿದ, ಹುಚ್ಚು ಹಿಡಿದ ಎಂಬ ಅರ್ಥದ್ದು. 'ಬ್ರೋಕನ್ ಗಾರ್ಡನ್ ಈಸ್ ಎ ಹ್ಯಾಜರ್ಡ್, ಆರಕ್ಷರ' ಎಂದಿದ್ದರೆ ಕೈತೋಟದ ಯೋಚನೆ ಬಿಡಿ. ಗಾರ್ಡನ್ ಪದವನ್ನು ಮುರಿಯಿರಿ, 'ಡೇಂಜರ್' ಬರುತ್ತದೆ. ಅದೇ ಅಕ್ಷರಗಳಿಂದ 'ಗ್ಯಾಂಡರ್', ಗಂಡು ಹೆಬ್ಬಾತು, ಕೂಡ ಆಗುತ್ತದೆ. ಆದರೆ ಸುಳಿವಿನ ಇನ್ನೊಂದು ತುದಿಯಲ್ಲಿರುವ ಅರ್ಥಕ್ಕೆ ಹೊಂದುವುದು ಡೇಂಜರ್ ಮಾತ್ರ.

ಹಂತ 8: ನಿಮ್ಮದೇ ಪಟ್ಟಿ ಬೆಳೆಸಿ

ಒಂದು ನೋಟ್‌ಬುಕ್ಕಿನ ಎಡಬದಿಗೆ ಕೀಲಿ, ಬಲಬದಿಗೆ ಪದಗಳು ಮತ್ತು ಕನ್ನಡ ಅರ್ಥ. ಕೀಲಿಗಳನ್ನು ಅಕ್ಷರಸಂಖ್ಯೆಯ ಪ್ರಕಾರ ಬೇರೆಬೇರೆ ಪುಟಗಳಲ್ಲಿ ಬರೆಯಿರಿ, ಇಲ್ಲವಾದರೆ ಬೇಕಾದಾಗ ಸಿಗುವುದಿಲ್ಲ. ಮರುಪಠಣ ಮಾಡುವಾಗ ಬಲಬದಿಯನ್ನು ಮುಚ್ಚಿ, ಕೀಲಿ ನೋಡಿ ಪದಗಳನ್ನು ಹೇಳಿ. ಉಲ್ಟಾ ಮಾಡಿದರೆ ಅದು ಬರೀ ಓದು, ಅಭ್ಯಾಸವಲ್ಲ. ಪ್ರೋಗ್ರಾಮಿಂಗ್ ಬರುವವರಿಗೆ ಇದು ಹತ್ತು ಸಾಲಿನ ಕೆಲಸ: ಪದಪಟ್ಟಿಯ ಪ್ರತಿ ಪದದ ಅಕ್ಷರಗಳನ್ನು ವಿಂಗಡಿಸಿ ಕೀಲಿ ಮಾಡಿ, ಒಂದೇ ಕೀಲಿಯವನ್ನು ಒಟ್ಟಿಗೆ ಸೇರಿಸಿದರಾಯಿತು.

ಮೊದಲ ಪುಟಕ್ಕೆ ಎ, ಸಿ, ಇ, ಆರ್, ಟಿ ಕೀಲಿ ಬರೆಯಿರಿ. ಐದು ಪದ ಬೇಕು. ಒಂದು ಕೋಲಾರದ ಟೊಮೆಟೊ ಮಂಡಿಯಲ್ಲಿ ಪೇರಿಸಿಟ್ಟಿರುತ್ತದೆ. ಒಂದು ಮದುವೆ ಊಟದ ಕಂಟ್ರ್ಯಾಕ್ಟ್ ಹಿಡಿಯುವವರ ಕಸುಬು. ಒಂದನ್ನು ಕಾಣೆಯಾದವರ ಬಗ್ಗೆ ಪೊಲೀಸರು ಹುಡುಕುತ್ತಾರೆ. ಒಂದು ಆಮ್ಲಕ್ಕೆ ಕ್ಷಾರ ಸೇರಿದಾಗ ಆಗುತ್ತದೆ. ಕೊನೆಯದು ಬಿಟ್ಟುಹೋದ ಪದ ಸೇರಿಸಲು ಪ್ರೂಫ್ ತಿದ್ದುವವರು ಹಾಕುವ ಚಿಹ್ನೆ, ಕೀಬೋರ್ಡಿನಲ್ಲಿ 6ರ ಮೇಲಿದೆ. ಉತ್ತರ ಇದೇ ಕ್ರಮದಲ್ಲಿ: ಕ್ರೇಟ್, ಕೇಟರ್, ಟ್ರೇಸ್, ರಿಯಾಕ್ಟ್, ಕ್ಯಾರೆಟ್. ಕೊನೆಯದು ತರಕಾರಿಯ ಕ್ಯಾರೆಟ್ ಅಲ್ಲ, ಚಿನ್ನದ ಕ್ಯಾರೆಟ್ಟೂ ಅಲ್ಲ. ಅವೆರಡರ ಕೀಲಿ ಬರೆದು ನೋಡಿ, ಗೊತ್ತಾಗುತ್ತದೆ.